ಮೂರು ಸುತ್ತಿನ ನಡುಪಟ್ಟಿ

ಲಾಟ್ವಿಯಾದ ನಮ್ಮ ರೂಯಿಯೆನ ಊರಿನ ಹೆಂಗಸರ ಸೊಂಟದ ಅಳತೆಗಳೆಲ್ಲ ನನ್ನ ತಲೆಯಲ್ಲಿವೆ. ಚಳಿಗಾಲದಲ್ಲಿ ಯಾರು ಉಬ್ಬುತ್ತಾರೆ, ಯಾರ ಸೊಂಟ ಹೊಸ ಗೆಳೆಯ ಸಿಕ್ಕಿದ ಕೂಡಲೇ ಇಳಿಯುತ್ತದೆ, ಟೇಪು ಹಿಡಿದಾಗ ಯಾರು ಉಸಿರು ಬಿಗಿಹಿಡಿದು ನನಗೇ ಮೋಸ ಮಾಡಲು ನೋಡುತ್ತಾರೆ, ಎಲ್ಲ ಗೊತ್ತು. ಊರಿನ ಸಂಸ್ಕೃತಿ ಭವನದಲ್ಲಿ ಗಾಯನ ಮೇಳದ ಉಡುಪುಗಳನ್ನು ನೋಡಿಕೊಳ್ಳುವವಳು ನಾನು, ವಿಜ್ಮಾ. ಪಟ್ಟೆಪಟ್ಟೆಯ ಉಣ್ಣೆಯ ಲಂಗಗಳು, ಲಿನನ್ ಅಂಗಿಗಳು, ಗಂಡಸರ ಬೂದು ಕೋಟುಗಳು, ಕೆಂಪು-ಬಿಳಿ ನೇಯ್ಗೆಯ ನಡುಪಟ್ಟಿಗಳು, ಎಲ್ಲವೂ ಭವನದ ಸೊತ್ತು. ಲಂಗ ಒಬ್ಬಳಿಂದ ಇನ್ನೊಬ್ಬಳಿಗೆ ಹೋಗುತ್ತದೆ, ಹುಕ್ಕು ಜಾಗ ಬದಲಿಸುತ್ತದೆ. ಹುಕ್ಕು ಬಿಚ್ಚಿ ಹೊಲಿಯುವವಳು ನಾನಾದ್ದರಿಂದ ಕೆಲವು ಸುದ್ದಿಗಳು ಗಂಡಂದಿರಿಗಿಂತ ಮೊದಲು ನನಗೆ ಮುಟ್ಟುತ್ತವೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನನ್ನ ತಂಗಿ ಸಾಯುವವರೆಗೂ ಹೇಳುತ್ತಿದ್ದಳು. ಎಷ್ಟು ಮಾತು ಅಲ್ಲಿ ನಿಂತಿದೆ ಎಂಬುದು ಅವಳಿಗೆ ಗೊತ್ತಾಗಿದ್ದರೆ ತಾನೇ.

ಆ ತಂಗಿಯ ಮಗಳು ದಾಗ್ನಿಯಾ. ದನದ ಡಾಕ್ಟರು. ಸುತ್ತಲಿನ ಹಳ್ಳಿಗಳ ಹಸುಗಳಲ್ಲಿ ಯಾವುದು ಗಬ್ಬ, ಯಾವುದು ಅಲ್ಲ ಎಂದು ಭುಜದವರೆಗೆ ಕೈಗವಸು ಏರಿಸಿಕೊಂಡು ಹೇಳುವವಳು. ತಾಯಿ ಹೋದ ಮೇಲೆ ಅವಳಿಗೆ ತವರು ಅಂತ ಇರುವುದು ನಾನೊಬ್ಬಳೇ. ಅವಳ ಗಂಡ ಇಂಗ್ಲೆಂಡಿನವನು, ರೂಪರ್ಟ್. ನಮ್ಮ ಜನಕ್ಕೆ ಗಂಡಸಿನ ಹೆಸರಿನ ಕೊನೆಗೊಂದು ‘ಸ್’ ಇರದಿದ್ದರೆ ಬಾಯಿಗೆ ಹತ್ತುವುದಿಲ್ಲ. ಹಾಗಾಗಿ ಬಂದ ವಾರದಲ್ಲೇ ಅವನು ರೂಪರ್ಟ್ಸ್ ಆದ. ಕಿಟಕಿ ಮಾಡುವ ಕಾರ್ಖಾನೆಗೆ ಇಂಗ್ಲಿಷಿನಲ್ಲಿ ಪತ್ರ ಬರೆದುಕೊಡುತ್ತಾನೆ, ಮೇಳದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ದಪ್ಪ ದನಿಯಲ್ಲಿ ಹಾಡುತ್ತಾನೆ, ಉಳಿದ ಹೊತ್ತಿನಲ್ಲಿ ಪ್ರಶ್ನೆ ಕೇಳುತ್ತಾನೆ. ಇಷ್ಟು ಪ್ರಶ್ನೆ ಕೇಳುವ ಗಂಡಸನ್ನು ನಾನು ನೋಡಿರಲಿಲ್ಲ. ನಮ್ಮ ಕಡೆಯ ಗಂಡಸರು ಉತ್ತರವನ್ನೂ ಕೊಡುವುದಿಲ್ಲ.

ಬುಧವಾರ ಅಭ್ಯಾಸಕ್ಕೆ ಮುಂಚೆಯೇ ಬಂದು ನನ್ನ ಉಗ್ರಾಣದಲ್ಲಿ ಕೂರುತ್ತಿದ್ದ. ನಾನು ಕಾಫಿ ಕೊಡುತ್ತಿದ್ದೆ, ರೈ ರೊಟ್ಟಿಯ ಮೇಲೆ ಜೀರಿಗೆ ಗಿಣ್ಣು ಇಟ್ಟು ಕೊಡುತ್ತಿದ್ದೆ. ತಲೆ, ಕೈ ಎರಡೂ ಇಲ್ಲದ ನನ್ನ ಬಟ್ಟೆಬೊಂಬೆಯ ಮೇಲೆ ಅವನಿಗೆ ಕಣ್ಣು.

“ದೊಡ್ಡಮ್ಮ, ದೇಹದ ಈ ಭಾಗವನ್ನು ಏನೆಂದು ಕರೆಯುತ್ತಾರೆ?” ಎಂದ ಮೊದಲ ದಿನ. ಅವನ ಲಾಟ್ವಿಯನ್ ಪುಸ್ತಕದಿಂದ ಬಂದದ್ದು, ರೇಡಿಯೋ ವಾರ್ತೆಯ ಹಾಗೆ ಇರುತ್ತಿತ್ತು. ನಮ್ಮ ಜೊತೆ ಕೂತು ಕೂತು ಆಮೇಲೆ ಸರಿಹೋಯಿತು.

“ಕರೆಯೋಕೆ ಅದೇನು ಓಡಿಹೋಗಿದ್ಯಾ? ವಿದುಕ್ಲಿಸ್ ಅಂತೀವಿ. ನಡು. ಇಲ್ಲಾಂದ್ರೆ ಯೊಸ್ತಸ್‌ವಿಯೆತ ಅಂತೀವಿ.”

“ಅಂದರೆ, ಪಟ್ಟಿಯ ಜಾಗ?”

“ಹ್ಞೂಂ. ಪಟ್ಟಿ ಕಟ್ಟೋ ಜಾಗ.”

“ಪಟ್ಟಿ ಕಟ್ಟದೇ ಇದ್ರೆ?”

“ಕಟ್ಟಲಿ ಬಿಡಲಿ, ಜಾಗ ಅದರದ್ದೇ. ನೀನು ಎದ್ದು ಹೋದ್ರೆ ನಿನ್ನ ಹಾಸಿಗೇಲಿ ಬೇರೆಯೋರು ಮಲಗ್ತಾರಾ?”

ಅವನಿಗೆ ಇದು ಎಷ್ಟು ಹಿಡಿಸಿತೆಂದರೆ ರೊಟ್ಟಿ ಕೈಯಲ್ಲೇ ಉಳಿಯಿತು. ತಮ್ಮ ಇಂಗ್ಲಿಷಿನಲ್ಲಿ ನಡು ಅನ್ನುವುದು ಒಂದು ಕಡೆ ನಿಲ್ಲುವುದಿಲ್ಲವಂತೆ. ದರ್ಜಿಗಳು ಒಂದು ಕಾಲದಲ್ಲಿ ಅದನ್ನು ಹೆಂಗಸರ ಎದೆಯ ಕೆಳಗೇ ಇಟ್ಟಿದ್ದರಂತೆ, ಇನ್ನೊಂದು ಕಾಲದಲ್ಲಿ ತೊಡೆಯ ಹತ್ತಿರಕ್ಕೆ ಇಳಿಸಿದರಂತೆ, ಈಗ ಪ್ಯಾಂಟಿನ ಅಂಗಡಿಗಳಲ್ಲಿ ಅದು ಸೊಂಟದ ಮೂಳೆಯ ಮೇಲಿದೆಯಂತೆ. “ನಮ್ಮಲ್ಲಿ ಅದು ಅಲೆಮಾರಿ, ದೊಡ್ಡಮ್ಮ,” ಎಂದ.

“ನಿನ್ನದು ಅಲೆಮಾರಿ ಅಲ್ಲಪ್ಪ, ಒಕ್ಕಲೆಬ್ಬಿಸಿರೋದು. ಮೇಲಿಂದ ಹೊಟ್ಟೆ ಬಂದು ಓಡಿಸಿದೆ.” ಅವನ ಬೆಲ್ಟು ಬೊಜ್ಜಿನ ಕೆಳಗೆ ಎಲ್ಲೋ ಅವಿತುಕೊಂಡಿತ್ತು. ಬೂದು ಕೋಟು ತೊಡಿಸಿದ ದಿನವೂ ನಡುಪಟ್ಟಿಯನ್ನು ಅಲ್ಲೇ ಕಟ್ಟಿಕೊಂಡು ಬಂದಿದ್ದ. ಮೇಲಕ್ಕೆ ಎಳೆದು ಎಳೆದು ನನಗೇ ಕೈನೋವು.

ಹೀಗೆ ಒಂದು ಚಳಿಗಾಲ ಪೂರ್ತಿ ನಾವಿಬ್ಬರೂ ಆ ಬೊಂಬೆಯ ನಡುಭಾಗದಲ್ಲೇ ಓಡಾಡಿದೆವು. ಬೆನ್ನಿನ ಕೆಳಭಾಗಕ್ಕೆ ನಾವು ಶಿಲುಬೆಗಳು ಅನ್ನುತ್ತೇವೆ. ಆಲೂಗಡ್ಡೆ ಅಗೆದು ಬಂದವರು ‘ಶಿಲುಬೆ ನೋಯ್ತಿದೆ’ ಅಂದರೆ ಯಾರೂ ಪಾದ್ರಿಯನ್ನು ಕರೆಯುವುದಿಲ್ಲ. ಇಂಗ್ಲಿಷಿನಲ್ಲಿ ಅದೇ ಜಾಗಕ್ಕೆ ಬೆನ್ನಿನ ಸಣ್ಣದು ಅನ್ನುತ್ತಾರಂತೆ. ನನ್ನ ಬೆನ್ನಿನಲ್ಲಿ ಸಣ್ಣದು ಅಂತ ಏನೂ ಇಲ್ಲ ಎಂದು ಹೇಳಿದೆ. ಹೊಟ್ಟೆಗೆ ಅವರಲ್ಲಿ ರಾಶಿ ಹೆಸರು: ಮಗುವಿನದಕ್ಕೆ ಒಂದು, ಡಾಕ್ಟರ ಮುಂದೆ ಹೇಳಲು ಒಂದು, ಬಿಯರ್ ಕುಡಿದು ಬೆಳೆಸಿದ್ದಕ್ಕೆ ಇನ್ನೊಂದು. “ನಮ್ಮೋರಿಗೆ ಹೊಟ್ಟೆ ಅಂದ್ರೆ ನಾಚಿಕೆ. ಅದಕ್ಕೇ ಅಷ್ಟು ಹೆಸರು,” ಎಂದ. ಮಡಿಲಿನ ವಿಷಯಕ್ಕಂತೂ ಜಗಳವೇ ಆಯಿತು. ಅವರ ಮಡಿಲು ಎದ್ದು ನಿಂತ ಕೂಡಲೇ ಮಾಯವಾಗುತ್ತದಂತೆ. ನಮ್ಮ ಮಡಿಲು ನಿಂತರೂ ಇರುತ್ತದೆ. ನಮ್ಮಮ್ಮ ಕೊಟ್ಟಿಗೆಗೆ ಒಂದು ಮಡಿಲು ಹುಲ್ಲು ತರುವಾಗ ಕೂತುಕೊಂಡು ತರುತ್ತಿದ್ದಳೇ? ಅವನು ಎದ್ದು ನಿಂತು, ಎರಡೂ ತೋಳು ಮುಂದೆ ಚಾಚಿ, ಇಲ್ಲದ ಹುಲ್ಲನ್ನು ಅಪ್ಪಿಕೊಂಡು ನೋಡಿದ. ಬಹಳ ಹೊತ್ತು ಹಾಗೇ ನಿಂತಿದ್ದ. ನಾನು ನಗುತ್ತಿದ್ದೆ, ಅವನು ನಗಲಿಲ್ಲ.

ಏಪ್ರಿಲ್‌ನಲ್ಲಿ ಉಡುಪು ತೊಡಿಸಿ ನೋಡುವ ದಿನ ಬಂತು. ಜುಲೈಯಲ್ಲಿ ರೀಗಾದ ಹಾಡಿನ ಹಬ್ಬ. ಹೋಗುವ ಮೇಳಗಳನ್ನು ಮೊದಲೇ ಪರೀಕ್ಷೆ ಮಾಡುತ್ತಾರೆ, ಸ್ವರ ತಪ್ಪಿದರೂ ಕ್ಷಮೆ ಇದೆ, ಪಟ್ಟಿ ತಪ್ಪಿದರೆ ಇಲ್ಲ. ದಾಗ್ನಿಯಾ ಕೊನೆಗೆ ಬಂದಳು. ಜನವರಿಯಲ್ಲಿ ನಾನೇ ಹೊಲಿದ ಹುಕ್ಕು ಕುಣಿಕೆಗೆ ಮುಟ್ಟಲಿಲ್ಲ.

“ಉಸಿರು ಬಿಡು,” ಎಂದೆ.

“ಬಿಟ್ಟಿದೀನಿ ದೊಡ್ಡಮ್ಮ.”

ತಿಂದು ಬಂದ ದಪ್ಪ ಪಕ್ಕೆಗಳಲ್ಲಿ ಮೆತ್ತಗೆ ಕೂರುತ್ತದೆ. ಇದು ಕೆಳಹೊಟ್ಟೆಯಲ್ಲಿ, ಮುಂದುಗಡೆ, ಗಟ್ಟಿಯಾಗಿತ್ತು. ನನ್ನ ಕೈ ನಿಂತಿತು. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

“ಎಷ್ಟಾಯ್ತು?”

“ಎರಡು ತುಂಬ್ತು. ಮೂರನೇ ಸಲ ಬೇಗ ಕಾಣಿಸತ್ತಂತೆ.”

ನಮ್ಮ ಕಡೆ ಬಸುರಿಯನ್ನು ‘ಆಸೆಯಲ್ಲಿದ್ದಾಳೆ’ ಅನ್ನುತ್ತಾರೆ. ದಾಗ್ನಿಯಾ ಎರಡು ಸಲ ಆಸೆಯಲ್ಲಿದ್ದು ಎರಡು ಸಲವೂ ಬರಿಗೈಯಲ್ಲಿ ಮನೆಗೆ ಬಂದಿದ್ದಳು. ಮೊದಲನೆಯದರಲ್ಲಿ ರೂಪರ್ಟ್ ಖುಷಿ ತಡೆಯದೆ ಅವತ್ತೇ ತಾಯಿಗೆ ಫೋನ್ ಮಾಡಿದ್ದ. ಇಂಗ್ಲೆಂಡಿನಿಂದ ಪೆಟ್ಟಿಗೆ ಬಂತು: ಹಳದಿ ಟೋಪಿ, ಬೆರಳುದ್ದದ ಕಾಲುಚೀಲ. ಕೂಸು ಕೈಗೆ ಬರುವವರೆಗೆ ನಾವು ಒಂದು ಚಿಂದಿಯನ್ನೂ ಮನೆಗೆ ತರುವುದಿಲ್ಲ. ಪೆಟ್ಟಿಗೆ ನೋಡಿ ನನ್ನ ಜೀವ ಹಾರಿಹೋಗಿತ್ತು. ಆಮೇಲೆ ಅದನ್ನೆಲ್ಲ ಮತ್ತೆ ಮಡಚಿ ಕಟ್ಟಿ ಅಂಚೆಗೆ ಹಾಕಿದವಳು ದಾಗ್ನಿಯಾ. ಎರಡನೆಯದು ಐದನೇ ತಿಂಗಳಲ್ಲಿ ಹೋಯಿತು.

“ರೂಪರ್ಟ್ಸ್‌ಗೆ ಹೇಳಿದ್ಯಾ?”

“ಇಲ್ಲ. ನೀನೂ ಹೇಳಬಾರದು. ಐದು ದಾಟಲಿ. ಹಬ್ಬ ಮುಗಿಯೋ ಹೊತ್ತಿಗೆ ಐದು ದಾಟತ್ತೆ, ಆಮೇಲೆ ನಾನೇ ಹೇಳ್ತೀನಿ. ಅಲ್ಲೀತನಕ ನಿನ್ನ ಹೊಟ್ಟೇಲೇ ಇಟ್ಕೋ.”

“ಅವನಿಗೆ ಕಣ್ಣಿಲ್ವೇನೇ?”

“ಐಸ್‌ಕ್ರೀಮ್ ಜಾಸ್ತಿ ಆಯ್ತು ಅಂದೆ. ನಂಬಿದ.”

ನಮ್ಮೂರ ಐಸ್‌ಕ್ರೀಮಿಗೆ ಅಷ್ಟು ಹೆಸರಿದೆ ನಿಜ. ಆದರೂ ಗಂಡಸರು ಇಷ್ಟು ದಡ್ಡರು ಎಂದು ಮತ್ತೊಮ್ಮೆ ಖಾತ್ರಿಯಾಯಿತು. ಹುಕ್ಕು ಬಿಚ್ಚಿ ಹೊಸ ಜಾಗದಲ್ಲಿ ಹೊಲಿದೆ, ಲಂಗದ ಪಟ್ಟಿಯೊಳಗೆ ಇನ್ನೊಂದಿಷ್ಟು ಬಟ್ಟೆ ಅಡಗಿಸಿಟ್ಟೆ, ಬಾಯಿಗೆ ಬೀಗ ಹಾಕಿಕೊಂಡೆ.

ಮುಂದಿನ ಬುಧವಾರ ರೂಪರ್ಟ್ ಬಂದವನೇ ಉಗ್ರಾಣದ ಬಾಗಿಲು ಹಾಕಿದ.

“ದೊಡ್ಡಮ್ಮ, ದಾಗ್ನಿಯಾಗೆ ಹೇಳಬೇಡಿ. ನಾನೊಂದು ನಡುಪಟ್ಟಿ ನೇಯಬೇಕು ಅಂತಿದೀನಿ. ಅವಳಿಗೆ, ಹಬ್ಬಕ್ಕೆ.”

“ಗಂಡಸರು ನೇಯೋದುಂಟೇನೋ?”

“ಇಂಗ್ಲೆಂಡ್‌ನಲ್ಲಿ ಉಂಟು ಅಂದ್ಬಿಡಿ. ಯಾರು ಹೋಗಿ ನೋಡ್ತಾರೆ?”

ಅಲ್ಲಿಗೆ ನನ್ನ ಹೊಟ್ಟೆಯಲ್ಲಿ ಎರಡು ಗುಟ್ಟಾಯಿತು, ಒಂದು ಅವಳದು, ಒಂದು ಅವನದು. ಎರಡೂ ಒಂದಕ್ಕೊಂದು ತಾಗದ ಹಾಗೆ ನಾನು ಬದುಕಬೇಕು. ಕಲಿಸುವುದೇನೋ ಕಷ್ಟವಿರಲಿಲ್ಲ. ನಮ್ಮ ಪಟ್ಟಿಗೆ ದೊಡ್ಡ ಮಗ್ಗ ಬೇಡ. ಹಾಸಿನ, ಅಂದರೆ ಉದ್ದಕ್ಕೆ ಎಳೆದು ಕಟ್ಟುವ ಎಳೆಗಳ, ಒಂದು ತುದಿ ಬಾಗಿಲ ಹಿಡಿಗೆ, ಇನ್ನೊಂದು ತುದಿ ನೇಯುವವರ ನಡುವಿಗೆ. ಹಿಂದಕ್ಕೆ ಒರಗಿದರೆ ಹಾಸು ಬಿಗಿಯುತ್ತದೆ, ಮುಂದಕ್ಕೆ ಬಾಗಿದರೆ ಸಡಿಲವಾಗುತ್ತದೆ. ನಮ್ಮ ನಡುವೇ ಅರ್ಧ ಮಗ್ಗ. ರೂಪರ್ಟ್ ಮೊದಲ ಸಲ ತನ್ನ ಬೊಜ್ಜಿನ ಕೆಳಗೆ ಕಟ್ಟಿಕೊಂಡು ಹಿಂದಕ್ಕೆ ಒರಗಿದ, ಪ್ಯಾಂಟು ಕೆಳಗೆ ಹೋಯಿತು. ಆಮೇಲೆ ಪಟ್ಟಿಯ ಜಾಗ ಎಲ್ಲಿದೆ ಎಂದು ಅವನಿಗೆ ಹೇಳಿಕೊಡಬೇಕಾಗಲಿಲ್ಲ.

ಕಷ್ಟ ಬಂದದ್ದು ಅಳತೆಯಲ್ಲಿ. ನಮ್ಮ ಪಟ್ಟಿ ಮೂರು ಸುತ್ತು ಬರಬೇಕು. ಎರಡೇ ಸುತ್ತಾದರೆ ಜಾರುತ್ತದೆ, ನಾಲ್ಕಾದರೆ ಹೆಂಗಸು ಪೀಪಾಯಿಯ ಹಾಗೆ ಕಾಣುತ್ತಾಳೆ. ಗಂಟು ಹಾಕುವುದಿಲ್ಲ, ಉಳಿದ ತುದಿಯನ್ನು ಒಳಗೆ ಸಿಕ್ಕಿಸುತ್ತೇವೆ. ಹಾಗಾಗಿ ಕಟ್ಟುವವಳ ನಡು ಗೊತ್ತಿಲ್ಲದೆ ಹಾಸು ಹಾಕುವ ಹಾಗಿಲ್ಲ.

“ಅವಳ ನಡು ಎಷ್ಟು, ದೊಡ್ಡಮ್ಮ?”

ಪೇಚಿಗೆ ಸಿಕ್ಕಿದೆ. ಜನವರಿಯ ಅಳತೆ ಹೇಳಿದರೆ ಜುಲೈಗೆ ಪಟ್ಟಿ ಗಿಡ್ಡ. ಜುಲೈಗೆ ಆಗುವಷ್ಟು ಹೇಳಿದರೆ ಯಾಕೆ ಅಷ್ಟು ಎಂದು ಕೇಳದೆ ಬಿಡುವ ಜನ್ಮ ಅವನದಲ್ಲ. ಆದರೆ ಕೊಟ್ಟ ಮಾತು ಕೊಟ್ಟದ್ದೇ. ಜನವರಿಯದನ್ನೇ ಹೇಳಿ, ಅಷ್ಟುದ್ದದ ಕೆಂಪು ದಾರವನ್ನು ಕತ್ತರಿಸಿ ಕೈಗೆ ಕೊಟ್ಟೆ. ಅವನು ದಾರವನ್ನು ನೋಡಿದ, ನನ್ನನ್ನೂ ನೋಡಿದ.

“ಇಷ್ಟೇನಾ?”

“ಇಷ್ಟೇ.”

ಮಾರನೆಯ ದಿನ ನಾನು ಬರುವಷ್ಟರಲ್ಲಿ ಹಾಸು ಎಳೆದಾಗಿತ್ತು. ನನ್ನ ಉಗ್ರಾಣದ ಬಾಗಿಲಿನಿಂದ ಹೊರಟ ಕೆಂಪು-ಬಿಳಿ ಎಳೆಗಳು ಓಣಿ ದಾಟಿ, ಕಾಫಿ ಕೋಣೆ ದಾಟಿ, ಮೆಟ್ಟಿಲ ಕಂಬದವರೆಗೆ ಹೋಗಿದ್ದವು.

“ಇದೇನೋ ಇದು? ಹೆಂಡತಿಗೋ ಕುದುರೆಗೋ?”

ಅವನು ತಲೆ ಕೆರೆದುಕೊಂಡ. “ಉದ್ದ ಆಯ್ತಾ? ನಮ್ಮ ಕಡೆಯ ನಡು ಲೆಕ್ಕ ಹಿಡಿದುಬಿಟ್ಟೆ ದೊಡ್ಡಮ್ಮ. ನಮ್ಮದು ಕೆಳಗಲ್ವಾ, ಮೂಳೆ ಮೇಲೆ. ಅಲ್ಲಿ ಸುತ್ತು ಜಾಸ್ತಿ.”

ಒಂದು ಚಳಿಗಾಲ ಪೂರ್ತಿ ಹೇಳಿಕೊಟ್ಟದ್ದು ನೀರಲ್ಲಿ ಹೋಮ ಆಯಿತಲ್ಲ ಎಂದು ಮೈ ಉರಿಯಿತು. ಕತ್ತರಿ ತೆಗೆದುಕೊಂಡೆ. ಹಾಸನ್ನು ಗಿಡ್ಡ ಮಾಡುವುದು ಸುಲಭ, ಒಂದೇ ಏಟು. ಉದ್ದ ಮಾಡುವುದು ಯಾರಿಂದಲೂ ಆಗದು. ಎಳೆದ ಎಳೆ ಎಷ್ಟಿದೆಯೋ ಅಷ್ಟೇ ಪಟ್ಟಿ. ಕತ್ತರಿ ಬಾಯಿ ತೆರೆದ ಮೇಲೆ ನನಗೆ ಬುದ್ಧಿ ಬಂತು. ಪರದೇಶಿಯ ತಪ್ಪಿನಿಂದ ನನ್ನ ಪೇಚು ಕಳೆಯಿತಲ್ಲ! ಜುಲೈಗೆ ಅವಳ ನಡು ಎಷ್ಟೇ ಆಗಲಿ, ಪಟ್ಟಿ ಸಾಲುತ್ತದೆ. ಕತ್ತರಿಯನ್ನು ಕೆಳಗಿಟ್ಟೆ.

“ಇರ್ಲಿ ಬಿಡು. ಉಳಿದಿದ್ದು ಒಳಗೆ ಸಿಕ್ಕಿಸಿದ್ರಾಯ್ತು.”

“ಇರಲಿ,” ಎಂದ, ಬೇಗನೆ. ಆಗ ನಾನು ಅವನ ಮುಖ ನೋಡಬೇಕಿತ್ತು. ನಾನು ನನ್ನ ಅದೃಷ್ಟವನ್ನು ನೋಡಿಕೊಳ್ಳುತ್ತಿದ್ದೆ.

ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ದಾಗ್ನಿಯಾ ಕೆಲಸದ ನೀಲಿ ಬಟ್ಟೆಯಲ್ಲೇ ಉಗ್ರಾಣಕ್ಕೆ ಬಂದು ನೆಲದ ಮೇಲೆ ಕೂತಳು. ಮುಖ ಬಿಳುಚಿತ್ತು. “ರಕ್ತ ಕಾಣಿಸ್ತು ದೊಡ್ಡಮ್ಮ. ಕಾರು ತೆಗಿ,” ಎಂದಳು. ವಲ್ಮಿಯೆರದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಎರಡೂ ಕೈಯನ್ನು ಕೆಳಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು, ತುಂಬಿದ ಪಾತ್ರೆಯನ್ನು ತುಳುಕದ ಹಾಗೆ ಹಿಡಿದುಕೊಳ್ಳುತ್ತಾರಲ್ಲ, ಹಾಗೆ. ನನಗೆ ದೇವರ ನೆನಪು ಬರುವುದು ಕಡಿಮೆ. ಅವತ್ತು ಬಂತು.

ಕೂಸಿಗೆ ಏನೂ ಆಗಿರಲಿಲ್ಲ. ಭಾರ ಎತ್ತಬೇಡ, ಹಸುಗಳ ಹತ್ತಿರ ಹೋಗಬೇಡ, ಹಾಡುವುದಾದರೆ ಹಾಡು ಎಂದರು ಡಾಕ್ಟರು. ಹೊರಗಿನ ಬೆಂಚಿನ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ.

“ಈಗಲಾದ್ರೂ ಅವನಿಗೆ ಹೇಳೇ. ಒಬ್ಬಳೇ ಎಷ್ಟು ಅಂತ ಹೊರ್ತೀಯಾ?”

“ಆಗಲ್ಲ.”

“ಅವನ ಮೇಲೆ ಯಾವ ಸಿಟ್ಟು ನಿನಗೆ?”

“ಸಿಟ್ಟಲ್ಲ ದೊಡ್ಡಮ್ಮ.” ಕೈ ಇನ್ನೂ ಹೊಟ್ಟೆಯ ಮೇಲೇ ಇತ್ತು. “ಹೋದ ಸಲ ಆಸ್ಪತ್ರೆಯಿಂದ ಬಂದ ದಿನ ನನ್ನ ಮಲಗಿಸಿ, ಸೌದೆ ಕೊಯ್ತೀನಿ ಅಂತ ಹಿತ್ತಲಿಗೆ ಹೋದ. ಮೆಷಿನ್ ಗರಗಸ ಹಾಕಿದ. ಎಷ್ಟು ಹೊತ್ತಾದ್ರೂ ಅದೇ ಒಂದೇ ಸದ್ದು, ಮರಕ್ಕೆ ತಾಗಿದ ಸದ್ದೇ ಇಲ್ಲ. ಎದ್ದು ಹೋಗಿ ನೋಡಿದೆ. ಗರಗಸ ಸುಮ್ನೆ ಓಡ್ತಿತ್ತು. ಪಕ್ಕದಲ್ಲಿ ಕೂತು ಅಳ್ತಿದ್ದ. ನನಗೆ ಕೇಳಿಸಬಾರದು ಅಂತ.” ಮೂಗು ಒರೆಸಿಕೊಂಡಳು. “ಅದನ್ನ ಇನ್ನೊಂದು ಸಲ ನೋಡೋಕೆ ನನ್ನ ಕೈಲಾಗಲ್ಲ. ಹೋದ್ರೆ ನನಗೊಬ್ಬಳಿಗೇ ಹೋಗಲಿ.”

ಅವಳ ತಲೆಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ.

ಅದೇ ವಾರ ರೂಪರ್ಟ್ ಪಟ್ಟಿಯ ನಡುಮಧ್ಯಕ್ಕೆ ಬಂದಿದ್ದ. ಅವನ ನೇಯ್ಗೆ ಮೊದಲರ್ಧ ಹಾವು ಹರಿದ ಹಾಗೆ ಸೊಟ್ಟ, ಆಮೇಲೆ ನೆಟ್ಟಗಾಗುತ್ತ ಬಂದಿತ್ತು. ನಾನು ಅವನ ಹಿಂದೆ ಕೂತು ಗುಂಡಿ ಹೊಲಿಯುತ್ತಿದ್ದೆ, ಬಾಯಿ ತೆರೆದರೆ ಎಲ್ಲಿ ಗುಟ್ಟು ಉದುರುತ್ತದೋ ಎಂದು ಹಲ್ಲಿನಲ್ಲಿ ಸೂಜಿ ಕಚ್ಚಿಕೊಂಡಿದ್ದೆ.

“ದೊಡ್ಡಮ್ಮ, ಹೆದರಿಕೆ ಆದಾಗ ನಿಮಗೆ ಎಲ್ಲಿ ಗೊತ್ತಾಗತ್ತೆ?”

ಸೂಜಿ ತೆಗೆದೆ. “ಇಲ್ಲಿ. ಎದೆ ಮುಗಿದು ಹೊಟ್ಟೆ ಶುರುವಾಗೋ ಕಡೆ. ಪಕ್ರೂತೆ ಅಂತೀವಿ. ಎದೆಯ ಅಡಿ.”

ಅವನು ನಡುವಿಗೆ ಹಾಸು ಕಟ್ಟಿಕೊಂಡೇ ಒಂದು ಕೈಯನ್ನು ಅಲ್ಲಿಟ್ಟು ನೋಡಿಕೊಂಡ. “ನಮ್ಮಲ್ಲಿ ಅದಕ್ಕೆ ಹೊಟ್ಟೆಯ ಹಳ್ಳ ಅಂತಾರೆ. ಜಾಗ ಮಾತ್ರ ಅದೇ.”

“ಯಾಕೆ, ಹಬ್ಬದಲ್ಲಿ ಅಷ್ಟು ಜನರ ಮುಂದೆ ಹಾಡೋಕೆ ಹೆದರಿಕೇನಾ?”

“ಹ್ಞೂಂ, ಹಾಡೋಕೆ,” ಎಂದು ಮತ್ತೆ ಹಿಂದಕ್ಕೆ ಒರಗಿ ಹಾಸು ಬಿಗಿದ.

ಜುಲೈ ಬಂತು. ರೀಗಾದಲ್ಲಿ ಮೇಳಗಳಿಗೆ ಶಾಲೆಗಳಲ್ಲಿ ಬಿಡಾರ. ನಮ್ಮ ಹೆಂಗಸರಿಗೆ ಸಿಕ್ಕಿದ್ದು ಒಂದನೇ ತರಗತಿಯ ಕೋಣೆ. ನೆಲದ ತುಂಬ ಹಾಸಿಗೆ, ಗೋಡೆಯ ಮೇಲೆ ಅಕ್ಷರಮಾಲೆ, ಮೊಣಕಾಲೆತ್ತರದ ಕುರ್ಚಿಗಳು. ಮೊದಲ ಹಾಡಿನ ದಿನ ಮಧ್ಯಾಹ್ನ ಎಲ್ಲರನ್ನೂ ನಾನೇ ಕಟ್ಟಿ ಸಿದ್ಧಮಾಡಿದೆ. ಒಬ್ಬಳ ಬೆಳ್ಳಿ ಪಿನ್ನು, ಇನ್ನೊಬ್ಬಳ ಹೂವಿನ ಕಿರೀಟ, ಗಂಡ ಇರುವವರ ಬಿಳಿ ತಲೆವಸ್ತ್ರ. ಒಬ್ಬೊಬ್ಬರೇ ಬಸ್ಸಿಗೆ ಇಳಿದು ಹೋದರು. ದಾಗ್ನಿಯಾ ಬೇಕೆಂದೇ ಕೊನೆಗೆ ಉಳಿದಳು.

ಲಂಗದ ಹುಕ್ಕು ಕೂತಿತು, ನಾನು ಅಡಗಿಸಿಟ್ಟ ಬಟ್ಟೆಯಷ್ಟನ್ನೂ ಬಿಡಿಸಿಯಾಗಿತ್ತು. ಭವನದ ನಡುಪಟ್ಟಿ ಸುತ್ತಿದೆ. ಎರಡು ಸುತ್ತು ಬಂತು, ಮೂರನೆಯದರ ಅರ್ಧದಲ್ಲಿ ಮುಗಿದುಹೋಯಿತು. ತುದಿ ಸಿಕ್ಕಿಸಲು ಒಂದು ಬೆರಳಷ್ಟೂ ಇಲ್ಲ. ಅವಳು ಆ ತುದಿಯನ್ನೇ ನೋಡುತ್ತ ನಿಂತಳು. ಐದನೇ ತಿಂಗಳು ಮುಗಿಯಲು ಇನ್ನೂ ಒಂದು ವಾರವಿತ್ತು.

“ಪಟ್ಟಿ ಇಲ್ದೆ ಹೋದ್ರೆ ಎಲ್ಲರಿಗೂ ಕಾಣತ್ತೆ,” ಎಂದಳು. “ಅವನಿಗೂ.”

“ಇನ್ನೊಂದು ಪಟ್ಟಿ ಇದೆ, ನಿಲ್ಲು,” ಎಂದು ಬಾಗಿಲು ತೆಗೆದೆ. ಹೊರಗೆ ನಿಂತಿರು ಎಂದು ರೂಪರ್ಟ್‌ಗೆ ಹೇಳಿಟ್ಟಿದ್ದೆ. ಬೂದು ಕೋಟು, ಅದರ ಮೇಲೆ ಸರಿಯಾದ ಜಾಗದಲ್ಲಿ ನಡುಪಟ್ಟಿ, ಕೈಯಲ್ಲಿ ಸುರುಳಿ ಸುತ್ತಿದ ಇನ್ನೊಂದು. ಒಳಗೆ ಬಂದು ಸುರುಳಿಯನ್ನು ಹೆಂಡತಿಯ ಕೈಗೆ ಕೊಟ್ಟ.

“ನೀನು ನೇಯ್ದಿದ್ದಾ?” ಸೊಟ್ಟ ಭಾಗವನ್ನು ಬೆರಳಿನಿಂದ ಸವರಿ ನಕ್ಕಳು. “ಹೌದು, ನೀನೇ ನೇಯ್ದಿದ್ದು.”

ಕಟ್ಟು ಎಂದು ಅವನಿಗೇ ಹೇಳಿದೆ. ಅವನು ಅವಳ ಸುತ್ತ ಬಂದ. ಒಂದು ಸುತ್ತು, ಎರಡು, ಹೊಟ್ಟೆಯ ಮೇಲೆ ಎಲ್ಲೂ ಬಿಗಿಯದ ಹಾಗೆ ಮೂರು. ಮೂರು ಮುಗಿದ ಮೇಲೂ ಅವನ ಕೈಯಲ್ಲಿ ಇನ್ನಷ್ಟು ಪಟ್ಟಿ ಇತ್ತು. ದಾಗ್ನಿಯಾಳ ನಗು ನಿಂತಿತು. ನಮ್ಮ ಮನೆಯ ಹೆಣ್ಣು, ಹತ್ತು ವರ್ಷಕ್ಕೆ ನೇಯಲು ಕಲಿತವಳು.

“ಹಾಸು ಯಾವಾಗ ಹಾಕ್ದೆ?”

ಅವನು ನನ್ನ ಕಡೆ ನೋಡಿದ. ನಾನು ಗೋಡೆಯ ಅಕ್ಷರಮಾಲೆ ಓದತೊಡಗಿದೆ.

“ಏಪ್ರಿಲ್‌ನಲ್ಲಿ.”

“ಏಪ್ರಿಲ್‌ನಲ್ಲಿ ನನ್ನ ನಡು ಇಷ್ಟಿರಲಿಲ್ಲ. ಹಾಸು ಆಮೇಲೆ ಬೆಳೆಯಲ್ಲ.” ಬೆರಳಿನಿಂದ ನನ್ನನ್ನು ತೋರಿಸಿದಳು. “ದೊಡ್ಡಮ್ಮ ಹೇಳಿದ್ಲಾ?”

“ದೊಡ್ಡಮ್ಮ ಸುಳ್ಳು ಅಳತೆ ಕೊಟ್ರು. ನಿನ್ನ ಪರವಾಗಿ ಚೆನ್ನಾಗೇ ಸುಳ್ಳು ಹೇಳಿದ್ರು.” ಅವನು ಪಟ್ಟಿಯ ತುದಿಯನ್ನು ಬಿಡದೆ ಹಿಡಿದಿದ್ದ. “ಹಬೆಸ್ನಾನದ ಮನೇಲಿ ನೀನು ಯಾವಾಗಲೂ ಮೇಲಿನ ಹಲಗೇಲಿ ಕೂತು, ಬಿಸಿ ತಡೀದ ಇಂಗ್ಲಿಷಿನೋನು ಅಂತ ನನ್ನ ಆಡ್ಕೋತಿದ್ದೆ. ಮಾರ್ಚ್ ಕೊನೇಲಿ ಒಂದು ಶನಿವಾರ ಇಳಿದು ಬಂದು ಕೆಳಗೆ ನನ್ನ ಪಕ್ಕ ಕೂತೆ. ಆಮೇಲೆ ಮತ್ತೆ ಮೇಲೆ ಹತ್ತಲೇ ಇಲ್ಲ. ಬಸುರಿ ಮೇಲಿನ ಬಿಸೀಲಿ ಕೂರಬಾರದು ಅಂತ ನನಗೂ ಗೊತ್ತು.”

ಅಂದರೆ ನನಗಿಂತ ಮೊದಲೇ ಗೊತ್ತು. ನನ್ನ ಹುಕ್ಕಿಗಿಂತ ಮೊದಲೇ. ಕೆಳಗಿನ ನಡು, ಮೂಳೆಯ ಮೇಲಿನ ನಡು ಎಂದು ನನ್ನ ತಲೆಗೆ ಟೋಪಿ ಹಾಕಿದ್ದ! ಈ ಗುಟ್ಟಿಗಾಗಿ ನಾನು ಮೂರು ತಿಂಗಳು ಸೂಜಿ ಕಚ್ಚಿಕೊಂಡಿದ್ದು ನೆನೆದು ಸಿಟ್ಟು ಬಂತು. ಜೊತೆಗೇ ಕಣ್ಣಲ್ಲಿ ನೀರೂ ಬಂತು, ಯಾವುದಕ್ಕೆ ಮೊದಲು ಜಾಗ ಕೊಡಬೇಕೋ ತಿಳಿಯಲಿಲ್ಲ.

“ಮತ್ತೆ ಯಾಕೆ ಕೇಳಲಿಲ್ಲ ನನ್ನ?” ಎಂದಳು ದಾಗ್ನಿಯಾ.

“ನಾನು ಬಾಯಿ ಬಿಟ್ಟಾಗ ಎರಡು ಸಲವೂ ಹೋಯ್ತು. ಮೂರ್ಖತನ ಅಂತ ಗೊತ್ತು. ಆದ್ರೂ ಈ ಸಲ ಬಾಯಿ ಮುಚ್ಕೊಂಡಿರೋಣ, ಕೈಯಲ್ಲಿ ಏನಾದ್ರೂ ಮಾಡೋಣ ಅನ್ನಿಸ್ತು. ಮಗುಗೆ ಏನೂ ಮಾಡಬಾರದು, ಅದು ನಿಮ್ಮ ಪದ್ಧತಿ. ನಿನಗೆ ಮಾಡಬಹುದಲ್ಲ.”

ಅವಳು ಉಳಿದ ಪಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡು ಮೊಳ ಹಾಕಿ ನೋಡಿದಳು. “ಆದ್ರೂ ಅಂದಾಜು ತಪ್ಪಿದೀಯ. ಐದನೇ ತಿಂಗಳಿಗೆ ಇಷ್ಟೆಲ್ಲ ಬೇಡ.”

“ಅದು ಐದಕ್ಕಲ್ಲ,” ಎಂದ. “ಒಂಬತ್ತಕ್ಕೆ.”

ದಾಗ್ನಿಯಾ ಒಂದನೇ ತರಗತಿಯ ಕುರ್ಚಿಯ ಮೇಲೆ ಕೂತಳು. ಪಟ್ಟಿಯ ತುದಿ ಅವಳ ಮಡಿಲಲ್ಲಿ ಬಿದ್ದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಹತ್ತಿರವೂ ಬಾಯಿಬಿಟ್ಟು ಹೇಳದ್ದನ್ನು ಕೊನೆಗೂ ಅವನ ಮುಖ ನೋಡಿ ಹೇಳಿದಳು.

“ನನಗೆ ತುಂಬ ಹೆದರಿಕೆ ಆಗ್ತಿದೆ ಕಣೋ.”

“ನನಗೂ,” ಎಂದು ಅವನು ನೆಲದ ಮೇಲೆ ಮಂಡಿಯೂರಿದ. ಗರಗಸವಿಲ್ಲ, ಏನಿಲ್ಲ, ಅವಳ ಮುಂದೆಯೇ ಅತ್ತ. ಅವಳು ಅವನ ಕೈ ಹಿಡಿದು ಪಟ್ಟಿಯ ಕೆಳಗೆ ಇಟ್ಟುಕೊಂಡಳು.

ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ನಮ್ಮ ಮೇಳದ ಮುಖ್ಯಸ್ಥ ಇಂದುಲಿಸ್ ಮೆಟ್ಟಿಲು ಹತ್ತಿ ಓಡಿ ಬರುತ್ತಿದ್ದ. ಬಸ್ಸಿನಲ್ಲಿ ಇಬ್ಬರು ಕಡಿಮೆ ಇದ್ದಾರೆ, ಒಳಗೆ ಯಾರಿದ್ದಾರೆ, ಎಷ್ಟು ಹೊತ್ತು ಬೇಕು ಎಂದು ಒಂದೇ ಉಸಿರಿಗೆ ಕೇಳಿದ.

“ಪಟ್ಟಿ ಕಟ್ಕೋತಿದಾರೆ. ಎಷ್ಟು ಹೊತ್ತಾದ್ರೂ ಆಗಲಿ, ಕಾಯಿ,” ಎಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.